‘ಗಾಂಧೀಜಿ ಕಾನೂನು ಮುರಿದರಲ್ಲ, ನಾವೂ ಮುರಿಯಬಹುದಾ ಸರ್?’

ಪ್ರಶ್ನೆ: ಏಳನೇ ತರಗತಿಗೆ ಸಮಾಜ ವಿಜ್ಞಾನ ಕಲಿಸುತ್ತೇನೆ. ದಂಡಿ ಯಾತ್ರೆಯ ಪಾಠ ಬಂದಾಗಲೆಲ್ಲ ಯಾರಾದರೊಬ್ಬರು ಈ ಮಾತು ಕೇಳಿಯೇ ಕೇಳುತ್ತಾರೆ. ‘ಹೌದು’ ಎಂದರೆ ನಾಳೆಯಿಂದ ಯಾರೂ ಹೋಂವರ್ಕ್ ತರುವುದಿಲ್ಲ. ‘ಇಲ್ಲ’ ಎಂದರೆ ನಾನು ಮಾಡಿದ ಪಾಠಕ್ಕೇ ಅರ್ಥವಿಲ್ಲ. ಈ ಚರ್ಚೆಯನ್ನು ತರಗತಿಯಲ್ಲಿ ನಡೆಸುವುದು ಹೇಗೆ?

ಉತ್ತರ: ಆ ಕ್ಷಣಕ್ಕೆ ಉತ್ತರ ಕೊಡಬೇಡಿ. ಪ್ರಶ್ನೆಯನ್ನು ಬೋರ್ಡಿನ ಮೂಲೆಯಲ್ಲಿ ಬರೆದು, ‘ಎರಡು ಪೀರಿಯಡ್ ಆದ ಮೇಲೆ ಇದಕ್ಕೆ ಬರೋಣ’ ಎನ್ನಿ. ‘ಕಾನೂನು ಮುರಿಯುವುದು ಸರಿಯೋ ತಪ್ಪೋ’ ಎಂದು ಶುರುವಾದ ಚರ್ಚೆ ಹತ್ತು ನಿಮಿಷ ಬಾಳುವುದಿಲ್ಲ. ಹನ್ನೆರಡು ವರ್ಷದವರಿಗೆ ಕಾನೂನು ಎಂದರೆ ಟ್ರಾಫಿಕ್ ಪೊಲೀಸ್, ಅನ್ಯಾಯ ಎಂದರೆ ತಮಗೆ ಇಷ್ಟವಿಲ್ಲದ್ದು. ಮಾತು ಗಾಳಿಯಲ್ಲಿ ತೇಲದಂತೆ ಒಂದೇ ಒಂದು ಕಾನೂನನ್ನು ಮೇಜಿನ ಮೇಲಿಟ್ಟು ಶುರುಮಾಡಬೇಕು. ಉಪ್ಪಿನ ಕಾನೂನು ಇದಕ್ಕೆ ಹೇಳಿಮಾಡಿಸಿದಂತಿದೆ.

ಮೊದಲ ಪೀರಿಯಡ್: ಒಂದು ಹಿಡಿ ಉಪ್ಪು

ಒಂದು ಹಿಡಿ ಕಲ್ಲುಪ್ಪು ತಂದು ಮೇಜಿನ ಮೇಲೆ ಸುರಿಯಿರಿ. ಕಾನೂನನ್ನು ಮೂರು ವಾಕ್ಯದಲ್ಲಿ ಬೋರ್ಡಿನ ಮೇಲೆ ಬರೆಯಿರಿ: ಉಪ್ಪು ಮಾಡುವ ಹಕ್ಕು ಸರ್ಕಾರದ್ದು. ಪರವಾನಗಿ ಇಲ್ಲದೆ ಸಮುದ್ರದ ದಡದಲ್ಲಿ ಯಾರೂ ಉಪ್ಪು ಮಾಡಕೂಡದು, ಮಾಡಿದರೆ ಜಪ್ತಿ ಮತ್ತು ಜೈಲು. ಅಂಗಡಿಯಲ್ಲಿ ಕೊಳ್ಳುವ ಉಪ್ಪಿನ ಮೇಲೆ ತೆರಿಗೆ ಉಂಟು. ಬರೆದ ಮೇಲೆ ಏನೂ ವಿವರಿಸಬೇಡಿ. ‘ಇದರಲ್ಲಿ ಏನು ತಪ್ಪು?’ ಎಂದಷ್ಟೇ ಕೇಳಿ, ಎರಡು ನಿಮಿಷ ನೋಟ್‌ಬುಕ್ಕಿನಲ್ಲಿ ಬರೆಯಲು ಬಿಡಿ. ಈ ಎರಡು ನಿಮಿಷ ಬಿಟ್ಟುಬಿಟ್ಟರೆ ಮುಂದಿನ ಬೆಂಚಿನ ನಾಲ್ವರೇ ಇಡೀ ಪೀರಿಯಡ್ ಮಾತಾಡುತ್ತಾರೆ.

ಹೆಚ್ಚಿನವರು ‘ತೆರಿಗೆ ತುಂಬಾ ಜಾಸ್ತಿ ಇತ್ತು’ ಎಂದು ಬರೆಯುತ್ತಾರೆ. ಅದು ಅರ್ಧ ಉತ್ತರ. ತಲೆಗೆ ಬೀಳುತ್ತಿದ್ದ ತೆರಿಗೆ ನೋಡಲು ಸಣ್ಣದೇ. ಕಾಂಗ್ರೆಸ್‌ನ ಹಿರಿಯರಲ್ಲೇ ಕೆಲವರಿಗೆ ಉಪ್ಪಿನ ಆಯ್ಕೆ ಮೊದಲು ವಿಚಿತ್ರವಾಗಿ ಕಂಡಿತ್ತು. ಅನ್ಯಾಯ ಎಲ್ಲಿತ್ತೆಂದು ಮಕ್ಕಳಿಗೆ ಕಾಣಿಸಲು ಒಂದು ಲೆಕ್ಕ ಮಾಡಿಸಿ. 1930ರ ಮಾರ್ಚ್ 2ರಂದು ವೈಸ್‌ರಾಯ್ ಇರ್ವಿನ್‌ಗೆ ಬರೆದ ಪತ್ರದಲ್ಲಿ ಗಾಂಧೀಜಿ, ನಿಮ್ಮ ಸಂಬಳ ದಿನಕ್ಕೆ 700 ರೂಪಾಯಿಗೂ ಹೆಚ್ಚು, ಭಾರತೀಯರ ಸರಾಸರಿ ಆದಾಯ ದಿನಕ್ಕೆ 2 ಆಣೆಗೂ ಕಡಿಮೆ ಎಂದು ಲೆಕ್ಕ ಒಪ್ಪಿಸಿದ್ದರು. ರೂಪಾಯಿಗೆ 16 ಆಣೆ ಎಂದು ಹೇಳಿಕೊಡಿ. 700ನ್ನು 16ರಿಂದ ಗುಣಿಸಿ ಎರಡರಿಂದ ಭಾಗಿಸಿದರೆ 5,600. ಅಂದರೆ ಒಬ್ಬ ವೈಸ್‌ರಾಯ್‌ನ ಒಂದು ದಿನದ ಸಂಬಳ ಗಳಿಸಲು ಸಾಮಾನ್ಯನಿಗೆ ಹದಿನೈದು ವರ್ಷ ಬೇಕು. ಆದರೆ ಒಂದು ಸೇರು ಉಪ್ಪಿಗೆ ಇಬ್ಬರೂ ತೆರುವುದು ಒಂದೇ ತೆರಿಗೆ. ಬಿಸಿಲಲ್ಲಿ ಬೆವರು ಸುರಿಸುವವನಿಗೆ ಉಪ್ಪು ಇನ್ನೂ ಹೆಚ್ಚು ಬೇಕು. ಬಡವನೇ ಶ್ರೀಮಂತನಿಗಿಂತ ಹೆಚ್ಚು ಉಪ್ಪು ತಿನ್ನಬೇಕಾದವನು ಎಂಬ ವಾದ ಆ ಪತ್ರದಲ್ಲೇ ಇದೆ. ಮಕ್ಕಳು ಈ ಲೆಕ್ಕವನ್ನು ತಾವೇ ಮಾಡಬೇಕು. ನೀವು ಹೇಳಿಬಿಟ್ಟರೆ ಅದು ಪರೀಕ್ಷೆಗೆ ಬರೆಯುವ ಇನ್ನೊಂದು ಪಾಯಿಂಟ್ ಆಗುತ್ತದೆ, ಅಷ್ಟೇ.

ಲೆಕ್ಕ ಮುಗಿದ ಮೇಲೆ ನಾಲ್ಕು ಪ್ರಶ್ನೆ ಬರೆಯಿರಿ. ಮುಂದಿನ ಎಲ್ಲ ಚರ್ಚೆಗೂ ಇವೇ ಆಧಾರ. ಈ ಕಾನೂನು ಮಾಡಿದವರು ಯಾರು, ಅದು ಯಾರಿಗೆ ತಟ್ಟುತ್ತದೋ ಅವರ ಮಾತಿಗೆ ಅಲ್ಲಿ ಜಾಗವಿತ್ತೇ? ಅದರ ಭಾರ ಎಲ್ಲರ ಮೇಲೂ ಒಂದೇ ಸಮ ಬೀಳುತ್ತದೆಯೇ? ಮುರಿಯುವ ಮೊದಲು ಬೇರೆ ಏನೇನು ಮಾಡಿ ನೋಡಿದರು? ಮುರಿದದ್ದು ಎಲ್ಲರೆದುರೋ, ಕದ್ದುಮುಚ್ಚಿಯೋ, ಮತ್ತು ಶಿಕ್ಷೆ ಹೊತ್ತವರು ಯಾರು?

ನಾಲ್ಕನೆಯದರ ಮೇಲೆ ಹೆಚ್ಚು ಹೊತ್ತು ನಿಲ್ಲಿ, ಮಕ್ಕಳು ಎಡವುವುದು ಅಲ್ಲೇ. ಟಿಕೆಟ್ ಇಲ್ಲದೆ ಬಸ್ಸು ಹತ್ತಿದವನೂ ಕಾನೂನು ಮುರಿದ, ಗಾಂಧೀಜಿಯೂ ಮುರಿದರು, ವ್ಯತ್ಯಾಸವೇನು? ಟಿಕೆಟ್ ಇಲ್ಲದವನು ಚೆಕಿಂಗ್‌ನವರು ಬಂದಾಗ ಹಿಂದಿನ ಬಾಗಿಲು ನೋಡುತ್ತಾನೆ. ಗಾಂಧೀಜಿ ಮಾಡುವುದೇನೆಂದು ವೈಸ್‌ರಾಯ್‌ಗೇ ಮೊದಲು ಪತ್ರ ಬರೆದು, ಮಾರ್ಚ್ 12ರಂದು ಸಾಬರಮತಿಯಿಂದ ಹೊರಟು, ಊರೂರಲ್ಲಿ ಭಾಷಣ ಮಾಡುತ್ತ ಏಪ್ರಿಲ್ 6ರಂದು ದಂಡಿಯಲ್ಲಿ ಉಪ್ಪು ಎತ್ತಿದರು. ಹಿಡಿಯಬೇಕೆಂದವರಿಗೆ ಮೂರು ವಾರಕ್ಕೂ ಹೆಚ್ಚು ಕಾಲಾವಕಾಶ ಕೊಟ್ಟಂತಾಯಿತು. ಇನ್ನೂ ಗಟ್ಟಿಯಾದ ಉದಾಹರಣೆ ಬೇಕಿದ್ದರೆ 1922ರ ಅಹಮದಾಬಾದ್ ವಿಚಾರಣೆ ಇದೆ. ರಾಜದ್ರೋಹದ ಆರೋಪವನ್ನು ಗಾಂಧೀಜಿ ಒಪ್ಪಿಕೊಂಡು, ಕಾನೂನಿನಲ್ಲಿರುವ ಅತಿ ಹೆಚ್ಚಿನ ಶಿಕ್ಷೆಯನ್ನೇ ಕೊಡಿ ಎಂದರು. ನ್ಯಾಯಾಧೀಶ ಬ್ರೂಮ್‌ಫೀಲ್ಡ್ ಆರು ವರ್ಷ ವಿಧಿಸಿದರು. ಸವಿನಯ ಕಾನೂನುಭಂಗದಲ್ಲಿ ‘ಸವಿನಯ’ ಇರುವುದು ಇಲ್ಲಿ. ಆ ಒಂದು ಕಾನೂನನ್ನು ಮುರಿದವನು ಕಾನೂನಿನ ಆಳ್ವಿಕೆಯನ್ನೇ ಧಿಕ್ಕರಿಸಿಲ್ಲ, ಕೈ ಮುಂದೆ ಚಾಚಿ ನಿಂತಿದ್ದಾನೆ.

ನಮ್ಮ ಕಡೆಯ ವಿಷಯ ಇಲ್ಲಿಯೇ ಸೇರಿಸಿ. ದಂಡಿಯ ಒಂದು ವಾರದ ನಂತರ, ಏಪ್ರಿಲ್ 13ರಂದು, ಅಂಕೋಲೆಯಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಉಪ್ಪಿನ ಕಾನೂನು ಮುರಿದರು. ದಂಡಿಗೆ ನಡೆದವರ ಪೈಕಿ ಹಾವೇರಿ ಕಡೆಯ ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪನವರಿಗೆ ಆಗಿನ್ನೂ ಹದಿನೆಂಟು ವರ್ಷ. ಅಂಕೋಲೆ, ಸಿದ್ಧಾಪುರಗಳ ಕರನಿರಾಕರಣೆಯಲ್ಲಿ ರೈತರು ಜಮೀನು ಜಪ್ತಿಯಾಗುತ್ತದೆಂದು ಗೊತ್ತಿದ್ದೇ ಕಂದಾಯ ಕಟ್ಟಲಿಲ್ಲ. ‘ಶಿಕ್ಷೆ ಹೊರುವುದು’ ಎಂದರೆ ಜೈಲೊಂದೇ ಅಲ್ಲ ಎಂಬುದು ಹಳ್ಳಿಯ ಮಕ್ಕಳಿಗೆ ಇದರಿಂದ ತಟ್ಟನೆ ತಿಳಿಯುತ್ತದೆ.

ಪೀರಿಯಡ್ ಮುಗಿಯುವ ಮುನ್ನ ಒಂದು ತಪ್ಪು ತಿಳಿವಳಿಕೆ ತೆಗೆಯಿರಿ. ಉಪ್ಪು ಎತ್ತಿದ ಕೂಡಲೇ ಕಾನೂನು ಹೋಗಲಿಲ್ಲ. 1931ರ ಗಾಂಧಿ–ಇರ್ವಿನ್ ಒಪ್ಪಂದದಲ್ಲಿ ಕರಾವಳಿಯವರು ಮನೆಬಳಕೆಗೆ ಉಪ್ಪು ಮಾಡಿಕೊಳ್ಳಬಹುದು ಎಂಬಷ್ಟು ಸಿಕ್ಕಿತು. ತೆರಿಗೆ ರದ್ದಾದದ್ದು 1947ರಲ್ಲಿ.

ಎರಡನೇ ಪೀರಿಯಡ್: ಮೂರು ಚೀಟಿ

ನಲವತ್ತು ಮಕ್ಕಳಿದ್ದರೆ ಐದೈದರ ಎಂಟು ಗುಂಪು ಮಾಡಿ. ಮೂರು ಬೇರೆ ಪ್ರಸಂಗಗಳ ಚೀಟಿ ಹಂಚಿ, ಅದೇ ನಾಲ್ಕು ಪ್ರಶ್ನೆಗೆ ಹದಿನೈದು ನಿಮಿಷದಲ್ಲಿ ಉತ್ತರ ಬರೆಸಿ. ಪ್ರಸಂಗಗಳು ಒಂದೇ ಥರ ಇರಬಾರದು, ಒಂದಕ್ಕೊಂದು ತಿಕ್ಕಾಡಬೇಕು.

ಒಂದು, ಹಲಗಲಿ. 1857ರಲ್ಲಿ ಬ್ರಿಟಿಷರು ಆಯುಧ ಇಟ್ಟುಕೊಳ್ಳಬಾರದೆಂದು ಆಜ್ಞೆ ಹೊರಡಿಸಿದಾಗ ಮುಧೋಳದ ಬಳಿಯ ಹಲಗಲಿಯ ಬೇಡರು ಬಗ್ಗದೆ ಕಾದಾಡಿದರು. ಮೊದಲ ಎರಡು ಪ್ರಶ್ನೆಗೆ ಉಪ್ಪಿನಂಥದೇ ಉತ್ತರ ಬರುತ್ತದೆ, ನಾಲ್ಕನೆಯದಕ್ಕೆ ಬರುವುದಿಲ್ಲ. ಅದು ದಂಗೆ, ಕಾನೂನುಭಂಗ ಚಳವಳಿಯಲ್ಲ. ಇಬ್ಬರಲ್ಲಿ ಯಾರು ಹೆಚ್ಚು ಎಂಬ ಪಂದ್ಯಕ್ಕೆ ಇಳಿಯಗೊಡಬೇಡಿ, ದಾರಿ ಬೇರೆ ಎಂಬುದು ಕಂಡರೆ ಸಾಕು.

ಎರಡು, ಮಾಂಟ್‌ಗೊಮರಿ. ಅಮೆರಿಕದ ಆ ಊರಿನಲ್ಲಿ ಬಸ್ಸಿನ ಸೀಟುಗಳೂ ಬಣ್ಣದ ಪ್ರಕಾರ. 1955ರ ಡಿಸೆಂಬರ್ 1ರಂದು ಬಿಳಿಯರಿಗೆ ಸೀಟು ಬಿಡದ ರೋಸಾ ಪಾರ್ಕ್ಸ್‌ಗೆ 10 ಡಾಲರ್ ದಂಡ, ಕೋರ್ಟು ಖರ್ಚು 4 ಡಾಲರ್. ಅದಕ್ಕೆ ಒಂಬತ್ತು ತಿಂಗಳು ಮೊದಲೇ ಕ್ಲಾಡೆಟ್ ಕಾಲ್ವಿನ್ ಎಂಬ ಹದಿನೈದರ ಹುಡುಗಿ ಇದನ್ನೇ ಮಾಡಿ ಬಂಧನಕ್ಕೊಳಗಾಗಿದ್ದಳು. ಊರಿನ ಕರಿಯ ಜನ 381 ದಿನ ಬಸ್ಸು ಹತ್ತಲಿಲ್ಲ. ಕಾನೂನನ್ನು ಕೊನೆಗೆ ಉರುಳಿಸಿದ್ದು ನ್ಯಾಯಾಲಯ. ಬೀದಿ ಮತ್ತು ಕೋರ್ಟು ಒಟ್ಟಿಗೆ ಕೆಲಸ ಮಾಡಿದ್ದು ಈ ಚೀಟಿಯ ಸಾರ.

ಮೂರನೆಯದು ಮಹಾರಾಷ್ಟ್ರದ ಮಹಾಡ್. ಚರ್ಚೆಯನ್ನು ಎತ್ತುವುದೇ ಇದು, ಇದಕ್ಕೆ ಹೆಚ್ಚು ಗುಂಪು ಕೊಡಿ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಮತ್ತು ಸಾವಿರಾರು ದಲಿತರು ಚವದಾರ್ ಕೆರೆಗೆ ನಡೆದು ನೀರು ಕುಡಿದರು. ಮಕ್ಕಳು ಥಟ್ಟನೆ ‘ಕಾನೂನು ಮುರಿದರು’ ಎನ್ನುತ್ತಾರೆ. ತಡೆಯಿರಿ. ಸಾರ್ವಜನಿಕ ಕೆರೆಬಾವಿ ಎಲ್ಲರಿಗೂ ಮುಕ್ತ ಎಂದು ಮುಂಬೈ ಶಾಸನಸಭೆ 1923ರಲ್ಲೇ ಠರಾವು ಮಾಡಿತ್ತು, ಮಹಾಡ್ ಪುರಸಭೆಯೂ 1924ರಲ್ಲಿ ಒಪ್ಪಿತ್ತು. ನೀರು ಕುಡಿದವರು ಮುರಿದದ್ದು ಕಾನೂನನ್ನಲ್ಲ, ರೂಢಿಯನ್ನು. ಅವರ ಮೇಲೆ ಹಲ್ಲೆ ಮಾಡಿದವರು ಕಾನೂನು ಮುರಿದವರು. ಕೆರೆಯ ಹಕ್ಕಿನ ಕುರಿತ ಕೋರ್ಟಿನ ವ್ಯಾಜ್ಯ ಹತ್ತು ವರ್ಷ ಎಳೆದು, 1937ರಲ್ಲಿ ಮುಂಬೈ ಹೈಕೋರ್ಟಿನಲ್ಲಿ ದಲಿತರ ಪರವಾಗಿ ಮುಗಿಯಿತು. ಕಾನೂನು ನ್ಯಾಯವಾಗಿದ್ದೂ ಊರು ಅನ್ಯಾಯವಾಗಿರಬಹುದು ಎಂಬುದು ಏಳನೇ ತರಗತಿಯವರಿಗೆ ಹೊಸ ಯೋಚನೆ. ಅದು ಮನಸ್ಸಿಗಿಳಿಯಲು ಹೊತ್ತು ಕೊಡಿ.

ಇದಾದ ಕೂಡಲೇ ಇನ್ನೊಂದು ಗಂಟು ಬಿಚ್ಚಿ. ಅದೇ ಅಂಬೇಡ್ಕರ್ 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ, ಸಂವಿಧಾನಬದ್ಧ ಮಾರ್ಗ ತೆರೆದಿರುವಾಗ ಕಾನೂನುಭಂಗ, ಅಸಹಕಾರ, ಸತ್ಯಾಗ್ರಹಗಳನ್ನು ಕೈಬಿಡಬೇಕು, ಅವು ಅರಾಜಕತೆಯ ವ್ಯಾಕರಣ ಎಂದರು. ಮೂರನೇ ಪ್ರಶ್ನೆಗೆ ಜೀವ ಬರುವುದು ಆಗ. ಈಗ ಮತ ಇದೆ, 32ನೇ ವಿಧಿಯಡಿ ಸುಪ್ರೀಂ ಕೋರ್ಟಿಗೆ ಹೋಗುವ ಹಕ್ಕಿದೆ, ಆಯುಧವಿಲ್ಲದೆ ಶಾಂತವಾಗಿ ಸಭೆ ಸೇರುವ ಹಕ್ಕಿದೆ. ಬ್ರಿಟಿಷರ ಕಾಲದಲ್ಲಿ ಹೀಗಿತ್ತೇ? ಬಾಗಿಲು ತೆರೆದಿದೆ, ಆದರೆ ಅಲ್ಲಿಯವರೆಗೆ ಹೋಗಲು ಎಲ್ಲರಿಗೂ ಆಗುತ್ತದೆಯೇ? ಇಲ್ಲಿ ಶಿಕ್ಷಕರು ತೀರ್ಪು ಕೊಡಬಾರದು. ನಿಮ್ಮ ಅಭಿಪ್ರಾಯ ಹೊರಬಿದ್ದರೆ ಮಕ್ಕಳು ಅದನ್ನೇ ತಿರುಗಿಸಿ ಒಪ್ಪಿಸುತ್ತಾರೆ.

ಎಲ್ಲಿ ಕೆಡುತ್ತದೆ

ಚರ್ಚಾಸ್ಪರ್ಧೆಯ ಥರ ಪರ–ವಿರೋಧ ಮಾಡಿದರೆ ಕೆಡುತ್ತದೆ, ಗೆಲ್ಲುವುದೇ ಮುಖ್ಯವಾಗುತ್ತದೆ. ಬದಲಿಗೆ ಒಂದು ಗೋಡೆಗೆ ‘ಮುರಿದದ್ದು ಸರಿ’, ಎದುರಿನದಕ್ಕೆ ‘ಮುರಿಯಬಾರದಿತ್ತು’ ಎಂದು ಅಂಟಿಸಿ, ತಮಗೆ ತೋಚಿದ ಜಾಗದಲ್ಲಿ ನಿಲ್ಲಿಸಿ. ನಡುವೆಯೂ ನಿಲ್ಲಬಹುದು. ಚರ್ಚೆಯ ನಂತರ ಮತ್ತೆ ನಿಲ್ಲಿಸಿ, ಜಾಗ ಬದಲಿಸಿದವರನ್ನು ಮಾತ್ರ ‘ಯಾಕೆ?’ ಎಂದು ಕೇಳಿ. ಕೋಣೆ ಇಕ್ಕಟ್ಟಾಗಿದ್ದರೆ ವರಾಂಡದಲ್ಲಿ ಸೀಮೆಸುಣ್ಣದ ಗೆರೆ ಸಾಕು.

ಮಹಾಡ್ ಅಥವಾ ಮಾಂಟ್‌ಗೊಮರಿಯನ್ನು ಯಾವ ಕಾರಣಕ್ಕೂ ನಾಟಕ ಮಾಡಿಸಬೇಡಿ. ತರಗತಿಯಲ್ಲಿ ಯಾರ ಜಾತಿ ಯಾವುದೆಂದು ಮಕ್ಕಳಿಗೆ ಗೊತ್ತಿರುತ್ತದೆ. ಅವಮಾನವನ್ನು ಅಭಿನಯಿಸುವ ಪಾಲು ಯಾರಿಗೆ ಬಂದರೂ ನೋವು ನಿಜವಾಗುತ್ತದೆ. ‘ನಿನ್ನ ಕೇರಿಯಲ್ಲಿ ಹೇಗೆ?’ ಎಂದು ಒಬ್ಬ ಮಗುವನ್ನು ಎಬ್ಬಿಸಿ ಕೇಳುವುದೂ ಬೇಡ.

ಹೆಲ್ಮೆಟ್ ಕಾನೂನು ಅನ್ಯಾಯ ಎಂದು ಒಬ್ಬನಾದರೂ ಹೇಳುತ್ತಾನೆ. ಬೈಯಬೇಡಿ, ಇದು ಒಳ್ಳೆಯ ಪರೀಕ್ಷೆ. ಮೊದಲ ಎರಡು ಪ್ರಶ್ನೆ ಹಾಕಿಸಿ. ಮಂತ್ರಿಯ ತಲೆಗೂ ಕೂಲಿಯವನ ತಲೆಗೂ ಅದೇ ಕಾನೂನು, ಮಾಡಿದವರನ್ನು ಆರಿಸಿದ್ದು ನಮ್ಮ ಮನೆಯವರೇ. ಕಿರಿಕಿರಿ ಬೇರೆ, ಅನ್ಯಾಯ ಬೇರೆ ಎಂದು ಅವನೇ ಒಪ್ಪುತ್ತಾನೆ, ಗೊಣಗುತ್ತಲಾದರೂ.

ಈಗ ನಡೆಯುತ್ತಿರುವ ಯಾವುದಾದರೂ ಪ್ರತಿಭಟನೆಯ ಮಾತು ಬಂದರೆ ಮುಚ್ಚಿಡುವುದು ಬೇಡ, ಆದರೆ ಪರ–ವಿರೋಧಕ್ಕೆ ಇಳಿಯದೆ ನಾಲ್ಕು ಪ್ರಶ್ನೆಗೆ ಮಾತ್ರ ಉತ್ತರ ಹುಡುಕಿಸಿ. ಪಾಠಯೋಜನೆಯಲ್ಲಿ ಪ್ರಶ್ನೆಗಳನ್ನೂ ಚೀಟಿಗಳನ್ನೂ ಮೊದಲೇ ಬರೆದಿಟ್ಟು ಮುಖ್ಯೋಪಾಧ್ಯಾಯರಿಗೆ ತೋರಿಸಿದ್ದರೆ, ಪೋಷಕರು ಯಾರಾದರೂ ಕೇಳಲು ಬಂದಾಗ ಅದೇ ಉತ್ತರ.

ಬೋರ್ಡಿನ ಮೂಲೆಯ ಪ್ರಶ್ನೆ

ಕೊನೆಯ ಎಂಟು ನಿಮಿಷ ಅದಕ್ಕೆ. ಶಾಲೆಯ ಒಂದು ನಿಯಮವನ್ನು ಮಕ್ಕಳೇ ಆರಿಸಲಿ, ನಾಲ್ಕು ಪ್ರಶ್ನೆ ಹಾಕಲಿ. ಬಹಳಷ್ಟು ನಿಯಮಗಳು ಮೂರನೆಯದರಲ್ಲೇ ನಿಲ್ಲುತ್ತವೆ, ಏಕೆಂದರೆ ಯಾರೂ ಇನ್ನೂ ಕೇಳಿಯೇ ಇರುವುದಿಲ್ಲ. ಶಾಲಾ ಸಂಸತ್ತು, ಸಲಹಾ ಪೆಟ್ಟಿಗೆ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ), ಪಂಚಾಯಿತಿಯ ಮಕ್ಕಳ ಗ್ರಾಮಸಭೆ: ಯಾವುದಕ್ಕೆ ಹೋಗಬೇಕೆಂದು ಅವರೇ ಹೇಳಲಿ. ಹೊರಬಂದ ಬೇಡಿಕೆ ನ್ಯಾಯವಾಗಿದ್ದರೆ ಅದನ್ನು ನಿಜಕ್ಕೂ ಮುಂದೆ ಕಳಿಸಿ, ಇಲ್ಲದಿದ್ದರೆ ಎರಡು ಪೀರಿಯಡ್ ನೀರಿನಲ್ಲಿ ಹೋಮ. ಇನ್ನೊಂದು ಮಾತನ್ನು ಸ್ಪಷ್ಟವಾಗಿ ಹೇಳಿ: ದೊಡ್ಡವರು ಯಾರಾದರೂ ಹೊಡೆದರೆ, ಮೈಮುಟ್ಟಿದರೆ, ಹೆದರಿಸಿ ಏನನ್ನಾದರೂ ಮಾಡಿಸಿದರೆ ಈ ಪಟ್ಟಿ ಅದಕ್ಕಲ್ಲ. ಅಲ್ಲಿ ಒಲ್ಲೆ ಎನ್ನಲು ಯಾವ ಪ್ರಶ್ನೆಯೂ ಬೇಡ, ನಂಬಿಕೆಯವರಿಗೆ ಹೇಳಬೇಕು, ಇಲ್ಲವೇ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬೇಕು.

ಹೊರಹೋಗುವಾಗ ಪ್ರತಿಯೊಬ್ಬರೂ ಹೆಸರಿಲ್ಲದ ಚೀಟಿಯಲ್ಲಿ ‘ನನಗೆ ಇನ್ನೂ ಬಗೆಹರಿಯದ್ದು’ ಎಂದು ಒಂದು ಸಾಲು ಬರೆದು ಕೊಡಲಿ. ಅಂಕ ಹಾಕಬೇಡಿ. ಮರುದಿನ ಐದಾರನ್ನು ಗಟ್ಟಿಯಾಗಿ ಓದಿ, ಚೌರಿ ಚೌರಾದ ಪಾಠವನ್ನು ಅಲ್ಲಿಂದ ಎತ್ತಿಕೊಳ್ಳಿ. 1922ರಲ್ಲಿ ಜನರ ಗುಂಪೊಂದು ಠಾಣೆಗೆ ಬೆಂಕಿ ಹಚ್ಚಿ 22 ಪೊಲೀಸರು ಸತ್ತಾಗ ಗಾಂಧೀಜಿ ಇಡೀ ಅಸಹಕಾರ ಚಳವಳಿಯನ್ನೇ ನಿಲ್ಲಿಸಿದ್ದು ಏಕೆ ಎಂಬುದಕ್ಕೆ, ನಾಲ್ಕನೇ ಪ್ರಶ್ನೆ ಹಿಡಿದ ಮಕ್ಕಳು ತಾವೇ ಉತ್ತರ ಕೊಡಬಲ್ಲರು.