ಬೇಲಿ ಹಾಕಿ ಬಿಟ್ಟರೆ ಪ್ರೇರಿ ಸುಧಾರಿಸುತ್ತದೆಯೇ?

ಪ್ರಶ್ನೆ: ಅಮೆರಿಕದ ಪ್ರೇರಿ ಹುಲ್ಲುಗಾವಲುಗಳು ದನ ಮೇಯಿಸಿಯೇ ಹಾಳಾದವು ಎಂದು ಓದಿದ್ದೇನೆ. ಹಾಗಿದ್ದರೆ ದನಗಳನ್ನು ಹೊರಗಟ್ಟಿ, ಬೇಲಿ ಹಾಕಿ, ನೆಲಕ್ಕೆ ವಿಶ್ರಾಂತಿ ಕೊಟ್ಟರೆ ಸಾಲದೇ?

ಉತ್ತರ: ಒಂದೆರಡು ಬೇಸಿಗೆಯ ವಿಶ್ರಾಂತಿ ಒಳ್ಳೆಯದು. ಇಪ್ಪತ್ತು ವರ್ಷದ ವಿಶ್ರಾಂತಿಯಿಂದ ಮಾತ್ರ ಬಹಳ ಕಡೆ ಕೆಡುಕೇ ಆಗಿದೆ. ಕಾರಣ ಹೇಳುವ ಮೊದಲು ಪ್ರಶ್ನೆಯ ಮೊದಲ ಸಾಲನ್ನು ಕೊಂಚ ತಿದ್ದಬೇಕು. ಎತ್ತರದ ಹುಲ್ಲಿನ ಪ್ರೇರಿಯನ್ನು ಬಹುಪಾಲು ನುಂಗಿದ್ದು ದನವಲ್ಲ, ನೇಗಿಲು. ಹಿಂದೆ ಇದ್ದುದರಲ್ಲಿ ಈಗ ಉಳಿದಿರುವುದು ಶೇ. 5ಕ್ಕಿಂತ ಕಡಿಮೆ. ಅದರಲ್ಲಿ ದೊಡ್ಡ ಹರವು ಇರುವುದು ಕ್ಯಾನ್ಸಸ್ ರಾಜ್ಯದ ಫ್ಲಿಂಟ್ ಹಿಲ್ಸ್ ಗುಡ್ಡಗಳಲ್ಲಿ. ಅಲ್ಲಿ ಮಣ್ಣು ತೆಳು, ಕಲ್ಲು ಹೆಚ್ಚು. ಉಳಲು ಬಾರದ ನೆಲವೆಂದೇ ಜನ ದನ ಸಾಕಿದರು, ದನ ಸಾಕಿದ್ದರಿಂದಲೇ ಹುಲ್ಲು ಉಳಿಯಿತು.

ಹುಲ್ಲಿನ ಗರಿ ಬೆಳೆಯುವುದು ಬುಡದಿಂದ. ಹೊಸ ಚಿಗುರು ಹೊರಡುವ ಕಣ್ಣುಗಳು ನೆಲದ ಮಟ್ಟದಲ್ಲೋ ಅದಕ್ಕೂ ಕೆಳಗೋ ಅಡಗಿರುತ್ತವೆ. ಆದ್ದರಿಂದ ತುದಿ ಕಚ್ಚಿದರೆ ಹುಲ್ಲು ಸಾಯುವುದಿಲ್ಲ. ಸಾಯಿಸುವುದು ಮತ್ತೆ ಮತ್ತೆ ಬೀಳುವ ಕಚ್ಚು. ಅರ್ಧಕ್ಕಿಂತ ಹೆಚ್ಚು ಗರಿಯನ್ನು ಒಮ್ಮೆಲೇ ಕಳೆದುಕೊಂಡ ಹುಲ್ಲಿನಲ್ಲಿ ಬೇರಿನ ಬೆಳವಣಿಗೆ ಕೆಲವು ದಿನ ನಿಂತೇ ಹೋಗುತ್ತದೆ ಎಂಬುದನ್ನು ಅಮೆರಿಕದ ವಿಜ್ಞಾನಿ ಫ್ರಾಂಕ್ಲಿನ್ ಕ್ರೈಡರ್ 1955ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದರು. ಬೇರು ಚೇತರಿಸಿಕೊಳ್ಳುವ ಮುನ್ನವೇ ದನ ಮತ್ತೆ ಅದೇ ಬುಡಕ್ಕೆ ಬಾಯಿ ಹಾಕಿದರೆ ಗಿಡ ಸೊರಗುತ್ತದೆ, ಪಕ್ಕದಲ್ಲಿ ದನ ಮೂಸದ ಗಿಡಕ್ಕೆ ಜಾಗ ಸಿಗುತ್ತದೆ. ವಿಶ್ರಾಂತಿಯ ನಿಜವಾದ ಕೆಲಸ ಇಲ್ಲಿದೆ: ಆ ಬೇರಿಗೆ ಸಮಯ ಕೊಡುವುದು.

ಅದಕ್ಕೂ ಮೊದಲೇ, 1949ರಲ್ಲಿ, ಹುಲ್ಲುಗಾವಲು ತಜ್ಞ ಇ. ಜೆ. ಡಿಕ್ಸ್‌ಟರ್‌ಹೈಸ್ ಮೇಯಿಸಿದಾಗ ಏನಾಗುತ್ತವೆ ಎಂಬುದರ ಮೇಲೆ ಸಸ್ಯಗಳನ್ನು ಮೂರು ಗುಂಪು ಮಾಡಿದರು. ಮೇಯಿಸಿದಂತೆ ಕುಗ್ಗುವವು, ಹಿಗ್ಗುವವು, ಹೊರಗಿನಿಂದ ನುಗ್ಗುವವು. ಆಳೆತ್ತರ ಮೀರಿ ಬೆಳೆಯುವ ಬಿಗ್ ಬ್ಲೂಸ್ಟೆಮ್ ಹುಲ್ಲು ಮೊದಲ ಗುಂಪಿನದು. ಉಪಯುಕ್ತ ವಿಂಗಡಣೆಯೇ. ಆದರೆ ಅದರ ಬೆನ್ನಿಗೆ ಒಂದು ನಂಬಿಕೆಯೂ ಬೆಳೆಯಿತು: ಮೇಯಿಸಿದಾಗ ಹುಲ್ಲುಗಾವಲು ಏಣಿ ಇಳಿಯುತ್ತದೆ, ವಿಶ್ರಾಂತಿ ಕೊಟ್ಟರೆ ಅದೇ ಮೆಟ್ಟಿಲುಗಳಲ್ಲಿ ಮರಳಿ ಏರುತ್ತದೆ ಎಂದು. ನಿಮ್ಮ ಪ್ರಶ್ನೆಯ ಹಿಂದಿರುವುದೂ ಅದೇ ನಂಬಿಕೆ.

ಉತ್ತರ ಮತ್ತು ದಕ್ಷಿಣ ಡಕೋಟಾ ರಾಜ್ಯಗಳಲ್ಲಿ ಈ ನಂಬಿಕೆಗೆ ಪೆಟ್ಟು ಬಿತ್ತು. ಅಲ್ಲಿನ ಸರ್ಕಾರಿ ವನ್ಯಜೀವಿ ಜಮೀನುಗಳಲ್ಲಿ ಬಾತುಗಳು ಗೂಡು ಕಟ್ಟಲು ದಟ್ಟ ಹುಲ್ಲು ಬೇಕೆಂದು ದಶಕಗಳ ಕಾಲ ಮೇಯಿಸುವುದನ್ನೂ ಬೆಂಕಿಯನ್ನೂ ದೂರವಿಟ್ಟರು. ಒಣಗಿದ ಹುಲ್ಲು ವರ್ಷದಿಂದ ವರ್ಷಕ್ಕೆ ಬಿದ್ದಲ್ಲೇ ಬಿದ್ದು ದಪ್ಪ ಹೊದಿಕೆಯಾಯಿತು. ಕೆಳಗೆ ಬಿಸಿಲಿಲ್ಲ, ಮಣ್ಣು ತಂಪು, ತೇವ. ಯುರೋಪಿನಿಂದ ಬಂದ ಸ್ಮೂತ್ ಬ್ರೋಮ್ ಮತ್ತು ಕೆಂಟಕಿ ಬ್ಲೂಗ್ರಾಸ್ ಎಂಬ ಹುಲ್ಲುಗಳಿಗೆ ಬೇಕಾದದ್ದೂ ಅದೇ. ಚಳಿ ಮುಗಿಯುತ್ತಲೇ ಚಿಗುರುವ ಅವು, ಬಿಸಿಲೇರಿದ ಮೇಲೆ ಎದ್ದೇಳುವ ನಾಡಹುಲ್ಲುಗಳಿಗಿಂತ ಮೊದಲೇ ನೆಲ ಹಿಡಿದವು. ಹೊರಗಿನವರು ನುಗ್ಗಿದ್ದು ಅತಿಯಾಗಿ ಮೇಯಿಸಿದ್ದರಿಂದ ಅಲ್ಲ, ಮೇಯಿಸದೆ ಬಿಟ್ಟದ್ದರಿಂದ. ಈಗ ಅವನ್ನು ಕಳೆಯಲು ಅದೇ ಜಮೀನುಗಳಲ್ಲಿ ದನವನ್ನೂ ಬೆಂಕಿಯನ್ನೂ ಬಳಸುತ್ತಾರೆ. ದಕ್ಷಿಣಕ್ಕೆ, ಕ್ಯಾನ್ಸಸ್ ಕಡೆ ಬಂದರೆ, ಬೆಂಕಿ ಕಾಣದ ಹುಲ್ಲಿನಲ್ಲಿ ಮೊದಲು ಪೊದೆ ಎದ್ದು ಆಮೇಲೆ ರೆಡ್ ಸೀಡರ್ ಮರವೇ ಬೆಳೆಯುತ್ತದೆ. ಮರ ಎದ್ದ ಮೇಲೆ ವಿಶ್ರಾಂತಿಯ ಮಾತಿಗೇ ಅರ್ಥವಿಲ್ಲ, ಗರಗಸ ಬೇಕು.

ಮೇಯಿಸುವುದರಿಂದ ಒಳಿತೂ ಉಂಟು ಎಂಬುದಕ್ಕೆ ದೀರ್ಘಕಾಲದ ಪುರಾವೆ ಕ್ಯಾನ್ಸಸ್‌ನ ಕಾನ್ಜಾ ಪ್ರೇರಿ ಎಂಬ ಸಂಶೋಧನಾ ಕ್ಷೇತ್ರದಲ್ಲಿ ಸಿಕ್ಕಿದೆ. 1987ರಲ್ಲಿ ಅಲ್ಲಿಗೆ ಬೈಸನ್ ತಂದು ಬಿಟ್ಟರು (ನಮ್ಮ ಮಲೆನಾಡಿನ ಕಾಟಿಯಲ್ಲ, ಅಮೆರಿಕದ್ದು). ಸುಮಾರು ಮೂರು ದಶಕಗಳ ಲೆಕ್ಕ 2022ರಲ್ಲಿ ಪ್ರಕಟವಾಯಿತು. ಯಾರೂ ಮೇಯದ ನೆಲಕ್ಕಿಂತ ಬೈಸನ್ ಮೇದ ನೆಲದಲ್ಲಿ ನಾಡಸಸ್ಯಗಳ ಜಾತಿಗಳು ಹೆಚ್ಚುಕಡಿಮೆ ಇಮ್ಮಡಿಯಾಗಿದ್ದವು. ದನ ಮೇದ ಕಡೆಯೂ ಹೆಚ್ಚಿದ್ದವು, ಆದರೆ ಅಷ್ಟಿಲ್ಲ. ಬೈಸನ್‌ಗಳಿಗೆ ಬೇಕಾದದ್ದು ಮುಖ್ಯವಾಗಿ ಹುಲ್ಲು, ಹೂಗಿಡಗಳನ್ನು ಅವು ಬಹುತೇಕ ಮುಟ್ಟುವುದಿಲ್ಲ. ಬ್ಲೂಸ್ಟೆಮ್‌ನಂಥ ದೊಡ್ಡ ಹುಲ್ಲು ತಗ್ಗಿದಾಗ ಬೆಳಕು ನೆಲಕ್ಕಿಳಿಯುತ್ತದೆ, ಅದುವರೆಗೆ ನೆರಳಲ್ಲಿ ಮುದುಡಿದ್ದ ಸಣ್ಣ ಗಿಡಗಳು ಏಳುತ್ತವೆ. ಅಲ್ಲಿ ಬೈಸನ್ ವರ್ಷವಿಡೀ ಇರುತ್ತವೆ, ದನಗಳು ಹುಲ್ಲು ಬೆಳೆಯುವ ಕಾಲದಲ್ಲಿ ಮಾತ್ರ. ಎರಡರ ನಡುವಿನ ಅಂತರಕ್ಕೆ ಇದೂ ಒಂದು ಕಾರಣವಿರಬಹುದು ಎಂಬುದನ್ನು ಮರೆತು ದನವನ್ನು ದೂರುವುದು ಅನ್ಯಾಯ.

ಹಾಗಾದರೆ ವಿಶ್ರಾಂತಿ ಬೇಡವೇ? ಬೇಕು, ಆದರೆ ಇಡೀ ಜಮೀನಿಗೆ ಒಟ್ಟಿಗೆ ಅಲ್ಲ. ಒಕ್ಲಹೋಮಾದ ವಿಜ್ಞಾನಿಗಳಾದ ಸ್ಯಾಮ್ ಫುಲೆಂಡಾರ್ಫ್ ಮತ್ತು ಡೇವಿಡ್ ಎಂಗಲ್ 2001ರಲ್ಲಿ ಮುಂದಿಟ್ಟ ದಾರಿ ನನಗೆ ಬಹಳ ಒಪ್ಪಿಗೆ. ವರ್ಷಕ್ಕೆ, ಸಾಮಾನ್ಯವಾಗಿ, ಮೂರನೇ ಒಂದು ಭಾಗ ಸುಡುವುದು, ಒಳಬೇಲಿ ಹಾಕದಿರುವುದು. ಸುಟ್ಟಲ್ಲಿ ಎದ್ದ ಎಳೆಹುಲ್ಲಿಗೆ ದನ ತಾವಾಗಿಯೇ ಹೋಗುತ್ತವೆ, ಉಳಿದ ಎರಡು ಭಾಗಕ್ಕೆ ತಾನಾಗಿಯೇ ಬಿಡುವು ಸಿಗುತ್ತದೆ. ಒಂದೇ ಬಯಲಲ್ಲಿ ಗಿಡ್ಡ, ನಡು, ಎತ್ತರ ಮೂರೂ ಹುಲ್ಲು. ಹಳೇ ಮೈಸೂರಿನ ಅಮೃತಮಹಲ್ ದನಗಳ ಕಾವಲುಗಳನ್ನೂ (ಮೀಸಲು ಹುಲ್ಲುಗಾವಲು) ಬೇಸಿಗೆ, ಮಳೆ, ಚಳಿಗಾಲಗಳಿಗೆಂದು ಬೇರೆ ಬೇರೆಯಾಗಿ ಹಂಚಿದ್ದರು. ಬಿಡುವನ್ನು ಸರದಿಯಲ್ಲಿ ಕೊಡುವ ಲೆಕ್ಕ ಅಲ್ಲಿಯೂ ಇತ್ತು. ಮಳೆಯೂ ಹುಲ್ಲೂ ಬೇರೆಯಾದ್ದರಿಂದ ಕ್ಯಾನ್ಸಸ್‌ನ ಸೂತ್ರವನ್ನು ಚಿತ್ರದುರ್ಗಕ್ಕೆ ಹಾಗೆಯೇ ತಂದಿಳಿಸಲಾಗದು.

ಕ್ಯಾನ್ಸಸ್‌ನಿಂದ ಪಶ್ಚಿಮಕ್ಕೆ ಹೋದರೂ ಈ ಸೂತ್ರ ಬದಲಾಗುತ್ತದೆ. ಕೊಲರಾಡೊದ ಗಿಡ್ಡಹುಲ್ಲಿನ ಬಯಲಿಗೆ ಬೀಳುವುದು ಕಾನ್ಜಾದ ಅರ್ಧಕ್ಕಿಂತ ಕಡಿಮೆ ಮಳೆ. ನೆಲಕ್ಕೆ ಅಂಟಿಕೊಂಡು ಬೆಳೆಯುವ ಬ್ಲೂ ಗ್ರಾಮಾ, ಬಫಲೋ ಗ್ರಾಸ್ ಹುಲ್ಲುಗಳಲ್ಲಿ ದನದ ಬಾಯಿಗೆ ಸಿಗುವುದೇ ಸ್ವಲ್ಪ. ಅಲ್ಲಿ 1939ರಲ್ಲಿ ಬೇಲಿ ಹಾಕಿ ದನ ಬಿಡದೆ ಉಳಿಸಿದ ತುಂಡುಗಳನ್ನು ದಶಕಗಳ ನಂತರ ನೋಡಿದಾಗಲೂ ಒಳಗಿನ ಹುಲ್ಲಿಗೂ ಹೊರಗೆ ಹದವಾಗಿ ಮೇದ ಹುಲ್ಲಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಆ ಬಯಲಿನ ರೈತ ನಿಮ್ಮ ಪ್ರಶ್ನೆ ಕೇಳಿದ್ದರೆ, ಬೇಲಿಯ ಖರ್ಚು ಉಳಿಸಿ ಎಂದಷ್ಟೇ ಹೇಳುತ್ತಿದ್ದೆ.