ಕ್ವಾಂಟಂ ಆಕಸ್ಮಿಕತೆಯಿಂದ ಸ್ವತಂತ್ರ ಇಚ್ಛೆ ಸಿದ್ಧವಾಗುತ್ತದೆಯೇ?

ಓದುಗರ ಪ್ರಶ್ನೆ: ಪರಮಾಣುಗಳ ಮಟ್ಟದಲ್ಲಿ ಕೆಲವು ಘಟನೆಗಳು ಯಾವ ಕಾರಣವೂ ಇಲ್ಲದೆ ಆಕಸ್ಮಿಕವಾಗಿ ನಡೆಯುತ್ತವೆ ಎಂದು ಕ್ವಾಂಟಂ ಭೌತವಿಜ್ಞಾನ ಹೇಳುತ್ತದೆ. ಹಾಗಾದರೆ ಎಲ್ಲವೂ ಮೊದಲೇ ನಿಶ್ಚಯವಾಗಿದೆ ಎಂಬ ವಾದ ಬಿದ್ದುಹೋಗಿ, ಮನುಷ್ಯನ ಇಚ್ಛೆ ಸ್ವತಂತ್ರವೆಂದು ಸಿದ್ಧವಾಯಿತಲ್ಲವೇ? ನಾವು ನೋಡಿದಾಗಲೇ ವಸ್ತುಗಳು ನಿಶ್ಚಿತ ರೂಪ ತಾಳುತ್ತವೆ ಎಂಬುದೂ ನಿಜವೇ?

ಉತ್ತರ: ಮೊದಲನೆಯದು ಸಿದ್ಧವಾಗಿಲ್ಲ, ಎರಡನೆಯದನ್ನು ನಂಬಲು ಆಧಾರವಿಲ್ಲ. ಆದರೆ ಈ ಆಕಸ್ಮಿಕತೆ ಎಷ್ಟು ಆಳವಾದದ್ದು ಎಂಬುದನ್ನು ಮೊದಲು ತಿಳಿದುಕೊಳ್ಳದಿದ್ದರೆ ಪ್ರಶ್ನೆಯ ತೂಕವೇ ಅರ್ಥವಾಗುವುದಿಲ್ಲ.

ಅದಕ್ಕೆ ಮಂಗಳೂರಿನವರು ದೂರ ಹೋಗಬೇಕಾಗಿಲ್ಲ. ನೇತ್ರಾವತಿಯ ಆಚೆ ದಡದ ಉಳ್ಳಾಲದ ಕಡಲತೀರದ ಮರಳಿನಲ್ಲಿ ಮೊನಜೈಟ್ ಎಂಬ ಖನಿಜವಿದೆ. ಅದರೊಳಗೆ ಥೋರಿಯಂ ಇದೆ. ಥೋರಿಯಂ-232ರ ಅರ್ಧಾಯುಷ್ಯ (ಅರ್ಧದಷ್ಟು ಪರಮಾಣುಗಳು ಕ್ಷಯಿಸಲು ಬೇಕಾಗುವ ಕಾಲ) ಸುಮಾರು 1,400 ಕೋಟಿ ವರ್ಷ, ಅಂದರೆ ಹೆಚ್ಚುಕಡಿಮೆ ವಿಶ್ವದ ಈಗಿನ ವಯಸ್ಸಿನಷ್ಟು. ಹೀಗಿದ್ದರೂ ಒಂದು ಗ್ರಾಂ ಶುದ್ಧ ಥೋರಿಯಂನಲ್ಲಿ ಪ್ರತಿ ಸೆಕೆಂಡಿಗೆ ಸುಮಾರು 4,000 ಪರಮಾಣುಗಳು ಆಲ್ಫಾ ಕಣವನ್ನು ಹೊರಚಿಮ್ಮಿ ಕ್ಷಯಿಸುತ್ತವೆ. ಈ ಕ್ಷಣದಲ್ಲಿ ಕ್ಷಯಿಸಿದ ಪರಮಾಣುವಿಗೂ ಇನ್ನೂ ನೂರು ಕೋಟಿ ವರ್ಷ ಸುಮ್ಮನಿರಲಿರುವ ಅದರ ನೆರೆಯ ಪರಮಾಣುವಿಗೂ ನಡುವೆ, ಕ್ಷಯಕ್ಕೆ ಮುನ್ನ, ಯಾವ ವ್ಯತ್ಯಾಸವನ್ನೂ ಸಿದ್ಧಾಂತ ಗುರುತಿಸುವುದಿಲ್ಲ. ಜಾರ್ಜ್ ಗ್ಯಾಮೊ 1928ರಲ್ಲಿ ತೋರಿಸಿದಂತೆ, ಆಲ್ಫಾ ಕಣಕ್ಕೆ ನ್ಯೂಕ್ಲಿಯಸ್ಸಿನ ತಡೆಗೋಡೆಯನ್ನು ಏರಿ ದಾಟುವಷ್ಟು ಶಕ್ತಿಯಿರದಿದ್ದರೂ, ಅದು ಗೋಡೆಯ ಆಚೆ ಕಾಣಿಸಿಕೊಳ್ಳುವ ಅತಿ ಸಣ್ಣ ಸಂಭವನೀಯತೆಯೊಂದಿದೆ. ಆ ಸಂಭವನೀಯತೆಯನ್ನು ಕರಾರುವಾಕ್ಕಾಗಿ ಲೆಕ್ಕ ಹಾಕಬಹುದು, ಕ್ಷಯದ ಗಳಿಗೆಯನ್ನಲ್ಲ.

ಇದು ಬರೀ ನಮ್ಮ ಅಜ್ಞಾನವಿರಬಹುದಲ್ಲವೇ, ಪರಮಾಣುವಿನೊಳಗೆ ನಮಗೆ ಕಾಣದ ಕಾರಣವೊಂದು ಅಡಗಿರಬಹುದಲ್ಲವೇ ಎಂಬ ಸಂಶಯ ಐನ್‌ಸ್ಟೈನ್ ಅವರಿಗೂ ಇತ್ತು. ಜಾನ್ ಬೆಲ್ 1964ರಲ್ಲಿ ಈ ಸಂಶಯವನ್ನು ಪ್ರಯೋಗದಲ್ಲಿ ಪರೀಕ್ಷಿಸಬಹುದಾದ ಅಸಮಾನತೆಯೊಂದಕ್ಕೆ, ಅಂದರೆ ಕಣಗಳೊಳಗೆ ಅಂತಹ ಕಾರಣ ಅಡಗಿದ್ದರೆ ಅಳತೆಗಳು ಮೀರಲಾಗದ ಗಣಿತದ ಮಿತಿಯೊಂದಕ್ಕೆ, ಇಳಿಸಿದರು. ಕ್ಲೌಸರ್ 1972ರಲ್ಲಿ, ಆಸ್ಪೆ 1982ರಲ್ಲಿ, ಆಮೇಲೆ ಟ್ಸೈಲಿಂಗರ್ ಮೊದಲಾದವರು ನಡೆಸಿದ ಪ್ರಯೋಗಗಳಲ್ಲಿ ಆ ಅಸಮಾನತೆ ಮುರಿದುಬಿತ್ತು. ಈ ಮೂವರಿಗೆ 2022ರ ನೊಬೆಲ್ ಪ್ರಶಸ್ತಿ ಬಂದದ್ದು ಈ ಕ್ಷೇತ್ರದ ಕೆಲಸಕ್ಕಾಗಿಯೇ. ಕಣಗಳು ತಮ್ಮೊಳಗೇ ಉತ್ತರವನ್ನು ಹೊತ್ತುಕೊಂಡು, ದೂರದ ಯಾವುದರ ಪ್ರಭಾವಕ್ಕೂ ಸಿಲುಕದೆ ಸಾಗುತ್ತವೆ ಎಂಬ ಚಿತ್ರ ಇದರಿಂದ ಬಿದ್ದುಹೋಯಿತು.

ಜನಪ್ರಿಯ ಲೇಖನಗಳು ಸಾಮಾನ್ಯವಾಗಿ ಇಲ್ಲಿಗೇ ನಿಂತುಬಿಡುತ್ತವೆ; ಅದು ನನಗೆ ಸರಿ ಕಾಣುವುದಿಲ್ಲ. ಏಕೆಂದರೆ ಎಲ್ಲವೂ ಮೊದಲೇ ನಿಶ್ಚಿತ ಎನ್ನುವ ನಿಯತಿವಾದ ಪೂರ್ತಿಯಾಗಿ ಸೋತಿಲ್ಲ. ಡೇವಿಡ್ ಬೋಮ್ 1952ರಲ್ಲಿ ಮಂಡಿಸಿದ ಸಿದ್ಧಾಂತದಲ್ಲಿ ಪ್ರತಿ ಕಣದ ದಾರಿಯೂ ನಿಶ್ಚಿತ. ದೂರದ ಕಣಗಳು ಒಂದನ್ನೊಂದು ಕೂಡಲೇ ಪ್ರಭಾವಿಸುತ್ತವೆ ಎಂದು ಒಪ್ಪಿಕೊಳ್ಳುವುದು ಅದಕ್ಕೆ ತೆರಬೇಕಾದ ಬೆಲೆ. ಎವರೆಟ್ 1957ರಲ್ಲಿ ಕೊಟ್ಟ ವ್ಯಾಖ್ಯಾನದಲ್ಲೂ ಸಮಗ್ರ ವಿಶ್ವದ ನಡೆ ನಿಯತವೇ, ಆದರೆ ಎಲ್ಲ ಫಲಿತಗಳೂ ಬೇರೆ ಬೇರೆ ಶಾಖೆಗಳಲ್ಲಿ ಸಂಭವಿಸುತ್ತವೆ. ಇವೆರಡೂ ಪ್ರಯೋಗಗಳ ಫಲಿತಾಂಶಕ್ಕೆ ವಿರುದ್ಧವಾಗಿಲ್ಲ.

ಅದಿರಲಿ, ಪ್ರಕೃತಿಯ ತಳದಲ್ಲಿ ನಿಜವಾದ ಆಕಸ್ಮಿಕತೆಯೇ ಇದೆ ಎಂದು ಒಪ್ಪೋಣ. ಅದರಿಂದ ಇಚ್ಛೆಗೆ ಸಿಕ್ಕಿದ್ದೇನು? ವೇಷ, ಕುಣಿತವಿಲ್ಲದೆ ಮಾತಿನಲ್ಲೇ ನಡೆಯುವ ಯಕ್ಷಗಾನವಾದ ತಾಳಮದ್ದಳೆಯನ್ನು ಕೇಳಿದವರಿಗೆ ಇದನ್ನು ವಿವರಿಸುವುದು ಸುಲಭ. ಪ್ರಸಂಗ ನಿಶ್ಚಿತ, ಭಾಗವತರು ಹಾಡುವ ಪದ್ಯವೂ ನಿಶ್ಚಿತ, ಕರ್ಣ ಸಾಯುವುದೂ ನಿಶ್ಚಿತ. ಆದರೆ ಶಲ್ಯನ ಹಂಗಿಸುವ ಮಾತಿಗೆ ಕರ್ಣ ಏನು ಹೇಳುತ್ತಾನೆ ಎಂಬುದನ್ನು ಯಾರೂ ಬರೆದಿಟ್ಟಿಲ್ಲ. ಹಾಗೆಂದು ಅದು ಆಕಸ್ಮಿಕವೂ ಅಲ್ಲ. ಎದುರಿನವನ ವಾದ, ಪಾತ್ರದ ಸ್ವಭಾವ, ಪಾತ್ರವಾಗಿ ಮಾತಾಡುವ ಅರ್ಥಧಾರಿಯ ಓದು, ಆ ಹೊತ್ತಿನ ಸಭೆ ಇವೆಲ್ಲ ಕೂಡಿ ಅವನ ಮಾತಿಗೆ ಕಾರಣವಾಗುತ್ತವೆ. ಕಾರಣಗಳಿವೆ ಎಂಬುದರಿಂದಲೇ ಅದು ಅವನ ಮಾತಾಗುತ್ತದೆ. ಕಾರಣವಿಲ್ಲದೆ ಬಾಯಿಗೆ ಬಂದದ್ದನ್ನು ಆಡಿದವನನ್ನು ಸ್ವತಂತ್ರನೆಂದು ಯಾರೂ ಮೆಚ್ಚುವುದಿಲ್ಲ. ನನ್ನ ಮಿದುಳಿನಲ್ಲಿ ಥೋರಿಯಂ ಕ್ಷಯದಂತಹ ಘಟನೆಯೊಂದು ನಡೆದು ಅದರಿಂದ ನನ್ನ ಕೈ ಮೇಲೆದ್ದರೆ, ಕೈ ಎತ್ತಿದ್ದು ನಾನಲ್ಲ.

ಅಂತಹ ಘಟನೆ ಮಿದುಳಿನ ನಿರ್ಣಯಗಳನ್ನು ನಡೆಸುತ್ತದೆ ಎಂಬುದಕ್ಕೂ ಗಟ್ಟಿಯಾದ ಸಾಕ್ಷ್ಯವಿಲ್ಲ. ಬಿಸಿಯಾದ, ತೇವ ತುಂಬಿದ ಮಿದುಳಿನಲ್ಲಿ ಹಲವು ಸಾಧ್ಯತೆಗಳು ಒಟ್ಟಿಗೇ ಇರುವ ಕ್ವಾಂಟಂ ಸ್ಥಿತಿ ಸೆಕೆಂಡಿನ ಹತ್ತು ಲಕ್ಷ ಕೋಟಿಯಲ್ಲಿ ಒಂದು ಭಾಗಕ್ಕಿಂತ ಹೆಚ್ಚು ಕಾಲ ಉಳಿಯದು ಎಂದು ಮ್ಯಾಕ್ಸ್ ಟೆಗ್ಮಾರ್ಕ್ 2000ದಲ್ಲಿ ಅಂದಾಜಿಸಿದರು. ನರಕೋಶದ ಕೆಲಸಕ್ಕೆ ಸೆಕೆಂಡಿನ ಸಾವಿರದಲ್ಲಿ ಒಂದು ಭಾಗವಾದರೂ ಬೇಕು. ಪೆನ್‌ರೋಸ್ ಮತ್ತು ಹ್ಯಾಮೆರಾಫ್, ಪ್ರಜ್ಞೆಗೆ ಕ್ವಾಂಟಂ ಘಟನೆಗಳೇ ಮೂಲ ಎನ್ನುವವರು, ಇದನ್ನು ಒಪ್ಪುವುದಿಲ್ಲ.

ಉಡುಪಿಯಲ್ಲಿ ಈ ಚರ್ಚೆ ಬಹಳ ಹಳೆಯದು. ಮಧ್ವಾಚಾರ್ಯರು ತತ್ತ್ವವನ್ನು ಸ್ವತಂತ್ರ, ಅಸ್ವತಂತ್ರ ಎಂದು ಎರಡಾಗಿ ವಿಂಗಡಿಸಿ, ವಿಷ್ಣುವೊಬ್ಬನೇ ಸ್ವತಂತ್ರ ಎಂದರು. ಆದರೂ ಜೀವಾತ್ಮನ ಕರ್ತೃತ್ವ (ತಾನೇ ಮಾಡುವವನಾಗಿರುವುದು) ಸುಳ್ಳಲ್ಲ, ಅದು ವಿಷ್ಣುವಿನ ಅಧೀನವಾದ ನಿಜವಾದ ಕರ್ತೃತ್ವ ಎಂದರು. ಜೀವ ಕರ್ತೃವೇ ಅಲ್ಲದಿದ್ದರೆ ಇದನ್ನು ಮಾಡು, ಅದನ್ನು ಮಾಡಬೇಡ ಎನ್ನುವ ಶಾಸ್ತ್ರಕ್ಕೆ ಅರ್ಥವೇ ಇರುವುದಿಲ್ಲವಲ್ಲ. ಈ ವಾದವನ್ನು ಒಪ್ಪುವುದು ಬಿಡುವುದು ಬೇರೆ ಮಾತು. ಕರ್ತೃತ್ವವನ್ನು ಅಲ್ಲಿ ಯಾರೂ ಕಾರಣವಿಲ್ಲದ ಘಟನೆಯಲ್ಲಿ ಹುಡುಕಲಿಲ್ಲ ಎಂಬುದು ಗಮನಿಸಬೇಕಾದದ್ದು. (ಕ್ವಾಂಟಂ ವಿಜ್ಞಾನ ಯಾವುದೋ ಒಂದು ವೇದಾಂತವನ್ನು ಸಾಬೀತುಪಡಿಸಿದೆ ಎನ್ನುವವರ ಮಾತನ್ನು ಓದುಗರು ಪಕ್ಕಕ್ಕಿಡುವುದು ಒಳ್ಳೆಯದು.)

ನೋಟದಿಂದ ರೂಪ ಬರುತ್ತದೆಯೇ ಎಂಬ ಪ್ರಶ್ನೆಗೂ ಥೋರಿಯಂ ಸಾಕ್ಷಿ ಹೇಳುತ್ತದೆ. ಕಪ್ಪು ಅಭ್ರಕದೊಳಗೆ ಸಿಕ್ಕಿಕೊಂಡ ಮೊನಜೈಟ್ ಹರಳಿನ ಸುತ್ತ ಕಪ್ಪು ಬಳೆಯಂತಹ ಕಲೆಗಳಿರುತ್ತವೆ. ಕೋಟಿಗಟ್ಟಲೆ ವರ್ಷ ಹೊರಬಿದ್ದ ಆಲ್ಫಾ ಕಣಗಳು ಮಾಡಿದ ಗಾಯಗಳವು. ಮನುಷ್ಯನ ಕಣ್ಣು ಹುಟ್ಟುವ ಎಷ್ಟೋ ಮೊದಲೇ ಕಲ್ಲು ಆ ಘಟನೆಗಳನ್ನು ದಾಖಲಿಸಿತ್ತು. ಪ್ರಜ್ಞೆಯೇ ಫಲಿತವನ್ನು ನಿರ್ಧರಿಸುತ್ತದೆ ಎಂಬ ದಿಕ್ಕಿನಲ್ಲಿ 1961ರಲ್ಲಿ ವಾದಿಸಿದ ಯೂಜಿನ್ ವಿಗ್ನರ್ ಕೂಡ ಮುಂದೆ ಆ ಮತವನ್ನು ಕೈಬಿಟ್ಟರು. ಸುತ್ತಲಿನ ಗಾಳಿ, ಬೆಳಕು, ಹರಳಿನ ಪರಮಾಣುಗಳೊಡನೆ ಬೆರೆಯುತ್ತಿದ್ದಂತೆ ಕಣದ ಸಾಧ್ಯತೆಗಳು ಪರಸ್ಪರ ಬೆರೆಯುವ ಗುಣವನ್ನು ಕಳೆದುಕೊಳ್ಳುತ್ತವೆ. 1970ರಿಂದ ಝೇ ಮತ್ತು ಬಳಿಕ ಝೂರೆಕ್ ಬೆಳೆಸಿದ ಈ ವಿವರಣೆಯ ಹೆಸರು ಡಿಕೋಹೆರೆನ್ಸ್. ಉಳಿದ ಸಾಧ್ಯತೆಗಳಲ್ಲಿ ಒಂದೇ ಏಕೆ ನಮಗೆ ಒದಗುತ್ತದೆ ಎಂಬುದನ್ನು ಅದು ಹೇಳುವುದಿಲ್ಲ. ಆ ಸಮಸ್ಯೆ ಇಂದಿಗೂ ತೆರೆದೇ ಇದೆ.

ಕುತೂಹಲದ ಸಂಗತಿಯೆಂದರೆ, ಸಾಲ ಕೊಡುಕೊಳ್ಳುವಿಕೆ ಇಲ್ಲಿ ತಿರುವುಮುರುವಾಗಿದೆ: ಇಚ್ಛೆ ಕ್ವಾಂಟಂ ವಿಜ್ಞಾನದಿಂದ ಸ್ವಾತಂತ್ರ್ಯ ಪಡೆಯುವ ಬದಲು, ಕ್ವಾಂಟಂ ಪ್ರಯೋಗವೇ ಆಯ್ಕೆಯ ಸ್ವಾತಂತ್ರ್ಯವನ್ನು ಸಾಲ ಪಡೆಯುತ್ತದೆ. ಬೆಲ್ ಪರೀಕ್ಷೆಯಲ್ಲಿ ಯಾವುದನ್ನು ಅಳೆಯಬೇಕು ಎಂಬ ಆಯ್ಕೆ ಕಣಗಳ ಪೂರ್ವಸ್ಥಿತಿಯೊಡನೆ ಒಳಗೊಳಗೇ ಹೊಂದಿಕೊಂಡಿರಬಾರದು. ಇದನ್ನು ಸಿದ್ಧಪಡಿಸುವುದಿಲ್ಲ, ಊಹಿಸಿಕೊಳ್ಳುತ್ತಾರೆ. 2016ರ ನವೆಂಬರ್ 30ರಂದು ಸುಮಾರು ಒಂದು ಲಕ್ಷ ಜನ ಆಟವೊಂದನ್ನು ಆಡುತ್ತಾ ಒತ್ತಿದ ಸೊನ್ನೆ, ಒಂದುಗಳನ್ನೇ ಹಲವು ದೇಶಗಳ ಪ್ರಯೋಗಾಲಯಗಳು ಈ ಆಯ್ಕೆಗೆ ಬಳಸಿದವು. 2018ರಲ್ಲಿ ಪ್ರಕಟವಾದ ಮತ್ತೊಂದು ಪ್ರಯೋಗದಲ್ಲಿ ಆಯ್ಕೆಯನ್ನು ದೂರದ, ಅತಿ ಪ್ರಕಾಶದ ಗ್ಯಾಲಕ್ಸಿ ಕೇಂದ್ರಗಳಾದ ಕ್ವೇಸಾರ್‌ಗಳ ಬೆಳಕಿಗೇ ಬಿಟ್ಟುಕೊಡಲಾಯಿತು. ಫಲಿತಾಂಶ ಬದಲಾಗಲಿಲ್ಲ. ಆಯ್ಕೆಯನ್ನೂ ಕಣವನ್ನೂ ಒಟ್ಟಿಗೆ ಹೊಂದಿಸಿಟ್ಟ ಕಾರಣವೊಂದು ಇದ್ದದ್ದೇ ಆದರೆ, ಅದು ಆ ಬೆಳಕು ಹೊರಟ ಕಾಲಕ್ಕೇ, ಅಂದರೆ ಕನಿಷ್ಠ 780 ಕೋಟಿ ವರ್ಷಗಳ ಹಿಂದೆಯೇ, ತನ್ನ ಕೆಲಸ ಆರಂಭಿಸಿರಬೇಕಾಗುತ್ತದೆ.