ಯಾವ ಪೆಟ್ಟಿಗೆ ತೆರೆಯಬೇಕೆಂದು ಹೇಳುವವರು ಯಾರು?

ಅಮೆರಿಕದ ಫ್ಲಾರಿಡಾ ರಾಜ್ಯದ ಜಾಕ್ಸನ್‌ವಿಲ್‌ನಲ್ಲಿರುವ ನೌಕಾನೆಲೆಯಲ್ಲಿ ಲೆಕ್ಕಪರಿಶೋಧನೆಯ ವೇಳೆ ಒಂದು ಗೋದಾಮು ಬೆಳಕಿಗೆ ಬಂತು. ಒಳಗಿದ್ದ ಸುಮಾರು 12.6 ಕೋಟಿ ಡಾಲರ್ ಮೌಲ್ಯದ ವಿಮಾನದ ಬಿಡಿಭಾಗಗಳು ನೌಕಾಪಡೆಯ ದಾಸ್ತಾನು ದಾಖಲೆಯಲ್ಲಿ ಇರಲೇ ಇಲ್ಲ. ಅವುಗಳಲ್ಲಿ ಕೆಲವು ಎಫ್-14 ಯುದ್ಧವಿಮಾನಕ್ಕೆ ಸೇರಿದವು. ಆ ವಿಮಾನವನ್ನು ನೌಕಾಪಡೆ 2006ರಲ್ಲೇ ನಿವೃತ್ತಿಗೊಳಿಸಿತ್ತು.

ಸೇನೆಯ ಖರ್ಚಿನ ತನಿಖೆ ಎಂದಕೂಡಲೇ ನಮಗೆ ಲಂಚ, ದಲ್ಲಾಳಿ, ಕಮಿಷನ್ ನೆನಪಾಗುತ್ತವೆ. ಆದರೆ ಲೆಕ್ಕಪರಿಶೋಧಕರ ದಿನನಿತ್ಯದ ಕೆಲಸ ಬಹುಮಟ್ಟಿಗೆ ಅಳತೆಯ ಕೆಲಸ: ಏನಿದೆ, ಎಲ್ಲಿದೆ, ಎಷ್ಟಿದೆ. ಇದನ್ನು ಅವರು ಎರಡು ದಿಕ್ಕಿನಿಂದ ಪರೀಕ್ಷಿಸುತ್ತಾರೆ. ಪುಸ್ತಕದಲ್ಲಿರುವ ಒಂದು ನಮೂದನ್ನು ಹಿಡಿದು ಗೋದಾಮಿಗೆ ಹೋಗಿ ವಸ್ತುವನ್ನು ಹುಡುಕುವುದು ಒಂದು. ಗೋದಾಮಿನಲ್ಲಿ ಕೈಗೆ ಸಿಕ್ಕ ವಸ್ತುವನ್ನು ಹಿಡಿದು ಪುಸ್ತಕದಲ್ಲಿ ಅದರ ನಮೂದನ್ನು ಹುಡುಕುವುದು ಇನ್ನೊಂದು. ಮೊದಲನೆಯದು ಇಲ್ಲದ್ದನ್ನು ಇದೆ ಎಂದು ಬರೆದಿದ್ದರೆ ಹಿಡಿಯುತ್ತದೆ. ಎರಡನೆಯದು ಇದ್ದೂ ಬರೆಯದೆ ಬಿಟ್ಟದ್ದನ್ನು. ಜಾಕ್ಸನ್‌ವಿಲ್‌ನ ಗೋದಾಮನ್ನು ಪುಸ್ತಕದಿಂದ ಹೊರಟವರು ಎಂದೂ ತಲುಪುತ್ತಿರಲಿಲ್ಲ.

ಕೋಟಿಗಟ್ಟಲೆ ವಸ್ತುಗಳನ್ನು ಒಂದೊಂದಾಗಿ ಎಣಿಸುವುದಾದರೂ ಹೇಗೆ? ಎಲ್ಲವನ್ನೂ ಎಣಿಸಬೇಕಿಲ್ಲ. ಇಲ್ಲಿ ಸಂಖ್ಯಾಶಾಸ್ತ್ರದ ಒಂದು ಸೊಗಸಾದ ಲೆಕ್ಕ ನೆರವಿಗೆ ಬರುತ್ತದೆ. ದಾಸ್ತಾನಿನ ನೂರು ನಮೂದುಗಳಲ್ಲಿ ಐದು ತಪ್ಪಾಗಿವೆ ಎಂದುಕೊಳ್ಳೋಣ. ಎಲ್ಲೆಂದರಲ್ಲಿಂದ ಆರಿಸಿದ ಒಂದು ನಮೂದು ಸರಿಯಾಗಿರುವ ಸಂಭವ 0.95. ಹೀಗೆ ಆರಿಸಿದ 59 ನಮೂದುಗಳೂ ಸರಿಯಾಗಿರುವ ಸಂಭವ ತಿಳಿಯಲು 0.95 ಅನ್ನು 59 ಬಾರಿ ಗುಣಿಸಬೇಕು. ಬರುವ ಉತ್ತರ ಶೇಕಡಾ 5ಕ್ಕಿಂತ ಕಡಿಮೆ. ಅಂದರೆ 59ರಲ್ಲಿ ಒಂದೂ ತಪ್ಪು ಕಾಣದಿದ್ದರೆ, ಒಟ್ಟು ತಪ್ಪಿನ ಪ್ರಮಾಣ ಶೇಕಡಾ 5ಕ್ಕಿಂತ ಕಡಿಮೆ ಎಂದು ಸಾಕಷ್ಟು ಧೈರ್ಯದಿಂದ ಹೇಳಬಹುದು. ಗೋದಾಮಿನಲ್ಲಿ ಹತ್ತು ಸಾವಿರ ವಸ್ತುಗಳಿದ್ದರೂ ಒಂದು ಕೋಟಿ ಇದ್ದರೂ ಈ 59 ಹೆಚ್ಚುಕಡಿಮೆ ಬದಲಾಗುವುದಿಲ್ಲ. ಮೊದಲ ಬಾರಿ ಕೇಳಿದವರಿಗೆ ಇದು ನಂಬುವ ಮಾತೆನಿಸುವುದಿಲ್ಲ, ಆದರೆ ಲೆಕ್ಕ ಮಾಡಿ ನೋಡಿಕೊಳ್ಳಬಹುದು.

ಲೆಕ್ಕಕ್ಕೆ ಒಂದೇ ಷರತ್ತು: ಆಯ್ಕೆ ಯಾದೃಚ್ಛಿಕವಾಗಿರಬೇಕು. ಗೋದಾಮಿನ ಅಧಿಕಾರಿಯೇ ಅಚ್ಚುಕಟ್ಟಾದ 59 ಪೆಟ್ಟಿಗೆಗಳನ್ನು ಮುಂದೆ ತಂದಿಟ್ಟರೆ, 59 ಏಕೆ, ಐದು ಸಾವಿರ ಪೆಟ್ಟಿಗೆ ತೆರೆದರೂ ಏನೂ ತಿಳಿಯುವುದಿಲ್ಲ. ಪರಿಶೋಧಕರ ಸ್ವಾತಂತ್ರ್ಯವನ್ನು ನಾವು ಸಾಮಾನ್ಯವಾಗಿ ನೈತಿಕತೆಯ ಪ್ರಶ್ನೆಯಾಗಿ ನೋಡುತ್ತೇವೆ. ನನಗೆ ಅದು ಮೊದಲು ಗಣಿತದ ಪ್ರಶ್ನೆಯಾಗಿ ಕಾಣುತ್ತದೆ. ಅಳೆಸಿಕೊಳ್ಳುವವರೇ ಮಾದರಿಯನ್ನು ಆರಿಸಿದರೆ ಅಳತೆಯೇ ನಡೆದಿಲ್ಲ.

ಶಸ್ತ್ರಾಸ್ತ್ರಗಳ ಪರೀಕ್ಷೆಗೂ ಇದೇ ಮಾತು ಅನ್ವಯಿಸುತ್ತದೆ. 1980ರ ದಶಕದಲ್ಲಿ ಅಮೆರಿಕದ ಭೂಸೇನೆಯ ಬ್ರಾಡ್ಲಿ ಎಂಬ ಯುದ್ಧವಾಹನವನ್ನು ಪರೀಕ್ಷಿಸಿದ ರೀತಿಯನ್ನು ವಾಯುಪಡೆಯ ಕರ್ನಲ್ ಜೇಮ್ಸ್ ಬರ್ಟನ್ ಪ್ರಶ್ನಿಸಿದರು. ಟ್ಯಾಂಕಿನಲ್ಲಿ ಇಂಧನದ ಬದಲು ನೀರು ತುಂಬಿ ಗುಂಡು ಹೊಡೆದರೆ ವಾಹನ ಉರಿಯದಿರುವುದರಲ್ಲಿ ಆಶ್ಚರ್ಯವೇನು ಎಂಬುದು ಅವರ ವಾದದ ತಿರುಳು. ಜಟಾಪಟಿ ಸಂಸತ್ತಿನವರೆಗೂ ಹೋಯಿತು. ಇಂಥ ವಾಹನಗಳನ್ನು ಸುಡುವ, ಸಿಡಿಯುವ ಎಲ್ಲವನ್ನೂ ಒಳಗಿಟ್ಟು, ಯುದ್ಧಕ್ಕೆ ಹೊರಟ ಸ್ಥಿತಿಯಲ್ಲಿಯೇ ಪರೀಕ್ಷಿಸಬೇಕೆಂಬ ಕಾನೂನು ಬಂತು. ಬ್ರಾಡ್ಲಿಯ ಮುಂದಿನ ಮಾದರಿಗೆ ಹೆಚ್ಚಿನ ಕವಚವೂ, ಚೂರುಗಳು ಒಳಗೆ ಸಿಡಿಯದಂತೆ ತಡೆಯುವ ಒಳಪದರವೂ ಸೇರಿದವು. ಎಷ್ಟು ಸೈನಿಕರ ಜೀವ ಈ ಜಗಳದಿಂದ ಉಳಿದಿರಬಹುದು ಎಂದು ಯಾವ ಖಾತೆಯಲ್ಲೂ ಬರೆದಿರುವುದಿಲ್ಲ.

ಇದಕ್ಕೂ ಹಳೆಯದೊಂದು ಪ್ರಕರಣವಿದೆ. 1941ರಲ್ಲಿ ಹ್ಯಾರಿ ಟ್ರೂಮನ್ ಎಂಬ ಸೆನೆಟರ್ ಕೇವಲ 15,000 ಡಾಲರ್ ಆರಂಭಿಕ ಅನುದಾನದೊಂದಿಗೆ ಯುದ್ಧಸಿದ್ಧತೆಯ ಖರ್ಚನ್ನು ತನಿಖೆ ಮಾಡುವ ಸಮಿತಿಯ ನೇತೃತ್ವ ವಹಿಸಿದರು. ಅದಕ್ಕೆ ಮುನ್ನವೇ ತಮ್ಮ ಕಾರಿನಲ್ಲಿ ಊರೂರು ಸುತ್ತಿ ಸೇನಾ ಶಿಬಿರಗಳನ್ನು ಕಣ್ಣಾರೆ ನೋಡಿದ್ದರು. 1943ರಲ್ಲಿ ಆ ಸಮಿತಿ, ಓಹಾಯೊ ರಾಜ್ಯದ ಕರ್ಟಿಸ್-ರೈಟ್ ಕಾರ್ಖಾನೆಯಿಂದ ದೋಷಪೂರಿತ ವಿಮಾನ ಎಂಜಿನ್‌ಗಳು ಸೇನೆಗೆ ಹೋಗುತ್ತಿವೆ ಎಂದು ಬಯಲು ಮಾಡಿತು. ಅಲ್ಲಿ ತಪಾಸಣೆ ಇರಲಿಲ್ಲವೇ? ಇತ್ತು, ಸೇನೆಯದೇ ತಪಾಸಕರೂ ಇದ್ದರು. ಕೊನೆಗೆ ಮೂವರು ಸೇನಾಧಿಕಾರಿಗಳು ಕರ್ತವ್ಯಲೋಪಕ್ಕಾಗಿ ಸೈನಿಕ ನ್ಯಾಯಾಲಯದಲ್ಲಿ ಶಿಕ್ಷೆಗೊಳಗಾದರು.

ಹಾಗಾಗಿ ಪರಿಶೋಧಕರ ನೇಮಕ ಯಾರ ಕೈಯಲ್ಲಿದೆ, ಅವರನ್ನು ಯಾರು ಕಿತ್ತುಹಾಕಬಹುದು, ಸಂಬಳ ಎಲ್ಲಿಂದ ಬರುತ್ತದೆ ಎಂಬ ಒಣ ವಿವರಗಳೇ ನಿರ್ಣಾಯಕ. ಭಾರತದ ಸಂವಿಧಾನದ 148ನೇ ವಿಧಿಯ ಪ್ರಕಾರ ಮಹಾಲೇಖಪಾಲರನ್ನು (ಸಿಎಜಿ) ಸುಪ್ರೀಂ ಕೋರ್ಟ್ ನ್ಯಾಯಾಧೀಶರನ್ನು ತೆಗೆಯುವ ವಿಧಾನದಲ್ಲಲ್ಲದೆ ತೆಗೆಯುವಂತಿಲ್ಲ. ಅಮೆರಿಕದ ಇಲಾಖೆಗಳೊಳಗೆ ಪರಿಶೋಧನೆ, ತನಿಖೆ ನಡೆಸುವ ಇನ್‌ಸ್ಪೆಕ್ಟರ್ ಜನರಲ್‌ಗಳಿಗೆ ಅಂಥ ಗಟ್ಟಿ ರಕ್ಷಣೆಯಿಲ್ಲ: 2025ರ ಜನವರಿಯಲ್ಲಿ ಅಧ್ಯಕ್ಷ ಟ್ರಂಪ್ ರಕ್ಷಣಾ ಇಲಾಖೆಯವರೂ ಸೇರಿದಂತೆ ಹಲವರನ್ನು ಒಮ್ಮೆಲೇ ವಜಾ ಮಾಡಿದರು. ಅದೇ ವರ್ಷದ ಮೇ ತಿಂಗಳಲ್ಲಿ, ಆಯುಧಗಳ ಸ್ವತಂತ್ರ ಪರೀಕ್ಷೆಯ ಮೇಲ್ವಿಚಾರಣೆಗೆಂದು 1983ರಲ್ಲಿ ಸಂಸತ್ತು ಸ್ಥಾಪಿಸಿದ್ದ ಕಚೇರಿಯ ಸಿಬ್ಬಂದಿಯನ್ನು ಐವತ್ತಕ್ಕಿಂತ ಕಡಿಮೆಗೆ ಇಳಿಸಲು ಆದೇಶವಾಯಿತು.

ಎಣಿಕೆ ಸರಿಯಿದ್ದರೂ ಬೆಲೆ ಕಟ್ಟುವಾಗ ಎಡವಬಹುದು. ಉಕ್ರೇನಿಗೆ ಕೊಟ್ಟ ಆಯುಧಗಳಿಗೆ ಪೆಂಟಗನ್, ಅಂದರೆ ಅಮೆರಿಕದ ರಕ್ಷಣಾ ಇಲಾಖೆ, ಪುಸ್ತಕಮೌಲ್ಯದ (ಸವಕಳಿ ಕಳೆದು ಉಳಿದ ಬೆಲೆಯ) ಬದಲು ಹೊಸದನ್ನು ಕೊಳ್ಳಲು ತಗಲುವ ಬೆಲೆ ಹಾಕಿತ್ತು. 2023ರಲ್ಲಿ ಅದನ್ನು ತಿದ್ದಿದಾಗ ಬಂದ ವ್ಯತ್ಯಾಸ 620 ಕೋಟಿ ಡಾಲರ್. ಇನ್ನು ಎಣಿಕೆ, ಬೆಲೆ ಎರಡೂ ಸರಿಯಿದ್ದು ಖರೀದಿಯೇ ಅರ್ಥಹೀನವಾಗಿರುವುದೂ ಉಂಟು. ಅಫ್ಘಾನಿಸ್ತಾನದ ಭೂಪ್ರದೇಶದಲ್ಲಿ ಕಾಡಿರುವುದು ಶೇಕಡಾ 2.1 ಮಾತ್ರ. ಅಲ್ಲಿನ ಸೈನಿಕರಿಗೆ ಕಾಡಿನ ಬಣ್ಣದ ಸಮವಸ್ತ್ರ ಕೊಡಿಸಿದ್ದರಿಂದ 2.8 ಕೋಟಿ ಡಾಲರ್‌ವರೆಗೆ ಹೆಚ್ಚುವರಿ ಖರ್ಚಾಗಿರಬಹುದು ಎಂದು ಅಮೆರಿಕದ ವಿಶೇಷ ಪರಿಶೋಧನಾ ಕಚೇರಿ 2017ರಲ್ಲಿ ವರದಿ ಮಾಡಿತು. ಇಂಥದ್ದನ್ನು ಹಿಡಿಯಲು ಖಾತೆ ತಾಳೆ ನೋಡಿದರೆ ಸಾಲದು. ಇದು ಬೇಕಿತ್ತೇ ಎಂದು ಕೇಳುವ ಅಧಿಕಾರವೂ ಪರಿಶೋಧಕರಿಗೆ ಇರಬೇಕು.

4 ಲಕ್ಷ ಕೋಟಿ ಡಾಲರ್‌ಗೂ ಹೆಚ್ಚಿನ ಆಸ್ತಿ ಇರುವ ಪೆಂಟಗನ್, 2018ರಿಂದ 2024ರವರೆಗೆ ಸತತ ಏಳು ವರ್ಷ ಪೂರ್ಣ ಪರಿಶೋಧನೆಯಲ್ಲಿ ತೇರ್ಗಡೆಯಾಗಲಿಲ್ಲ. ಹಣ ಕಳುವಾಗಿದೆ ಎಂದು ಇದರ ಅರ್ಥವಲ್ಲ. ಲೆಕ್ಕ ಸರಿಯೋ ತಪ್ಪೋ ಎಂದು ಹೇಳಲು ಬೇಕಾದಷ್ಟು ಪುರಾವೆಯೇ ಸಿಗಲಿಲ್ಲ ಎಂದು ಪರಿಶೋಧಕರು ಬರೆದರು. ಸಾಧ್ಯವೇ ಇಲ್ಲದ ಕೆಲಸವೇನಲ್ಲ ಅದು: ಮೆರೀನ್ ಪಡೆಯ ಮಟ್ಟಿಗೆ ಎಪ್ಪತ್ತಕ್ಕೂ ಹೆಚ್ಚು ಸ್ಥಳಗಳಿಗೆ ಹೋಗಿ, 2.4 ಕೋಟಿ ಮದ್ದುಗುಂಡುಗಳನ್ನೂ ಸೇರಿಸಿ ಪರಿಶೀಲಿಸಿದ ಬಳಿಕ, 2024ರಲ್ಲಿ ಮೊದಲ ಬಾರಿಗೆ ಶುದ್ಧ ವರದಿ ಬಂತು. ಇಡೀ ಇಲಾಖೆಗೆ ಕಾನೂನು ವಿಧಿಸಿರುವ ಗಡುವು 2028.

ಗೋಪ್ಯತೆಯ ತೊಡಕು ಆಗಲೂ ಉಳಿದಿರುತ್ತದೆ. 2018ರಲ್ಲಿ ಜಾರಿಗೆ ಬಂದ ಅಮೆರಿಕದ ಸರ್ಕಾರಿ ಲೆಕ್ಕಪತ್ರ ಮಾನದಂಡವೊಂದು, ರಹಸ್ಯ ಹೊರಬೀಳದಂತೆ ಪ್ರಕಟಿತ ಅಂಕಿಗಳನ್ನು ಮಾರ್ಪಡಿಸಲು ಅನುಮತಿಸುತ್ತದೆ. ನಿವ್ವಳ ಮೊತ್ತ ಬದಲಾಗಬಾರದು, ಅಷ್ಟೆ. ಮಾನದಂಡ ಇದಕ್ಕೆ ಅವಕಾಶ ಕೊಡುತ್ತದೆ ಎಂಬ ಒಂದು ಟಿಪ್ಪಣಿ ವರದಿಯಲ್ಲಿ ಇರುತ್ತದೆ. ಯಾವ ಅಂಕಿಯನ್ನು ಮಾರ್ಪಡಿಸಲಾಗಿದೆ, ಮಾರ್ಪಡಿಸಲಾಗಿದೆಯೋ ಇಲ್ಲವೋ ಎಂಬುದು ಇರುವುದಿಲ್ಲ.